ಬೇಲಿಯಾಚೆಯ ಸ್ಪ್ಯಾನಿಷ್

ನಾನು ನಿಂತಿದ್ದದ್ದು ಫ್ಲ್ಯಾಟ್ ಬುಷ್ ಎಂಬ ಬಡಾವಣೆಯ ಒಂದು ಪ್ರಾಥಮಿಕ ಶಾಲೆಯ ಗೇಟಿನ ಎಡಕ್ಕೆ, ಮಕ್ಕಳು ಸ್ಕೂಟರ್ ಒರಗಿಸುವ ಕಂಬಿಗಳ ಪಕ್ಕದಲ್ಲಿ. ಜೂನ್ ತಿಂಗಳ, ಎಂದರೆ ಇಲ್ಲಿನ ಚಳಿಗಾಲದ, ಒಂದು ಮಂಗಳವಾರ, ಮಧ್ಯಾಹ್ನ ಶಾಲೆ ಬಿಡುವ ಹೊತ್ತು. ಮಳೆ ನಿಂತಿತ್ತು, ಗಾಳಿ ನಿಂತಿರಲಿಲ್ಲ. ನನಗೂ ಅವರಿಗೂ ನಡುವೆ ಒಂದು ಕಾರು ನಿಲ್ಲುವಷ್ಟು ಜಾಗ ಇತ್ತು, ಆ ಜಾಗದಲ್ಲಿ ಯಾರೂ ಅಡ್ಡ ಇರಲಿಲ್ಲ. ಇದನ್ನೆಲ್ಲ ಮೊದಲೇ ಹೇಳುವುದಕ್ಕೆ ಕಾರಣವಿದೆ. ನಾನು ಕಂಡದ್ದನ್ನು ಹೇಳಿದಾಗಲೆಲ್ಲ "ನಿಮಗೆ ಹಾಗನ್ನಿಸಿರಬೇಕು" ಎಂದವರು ಹಲವರಿದ್ದಾರೆ. ಅನ್ನಿಸಿದ್ದಲ್ಲ. ನಡೆದದ್ದು.

ನಮ್ಮ ಪಕ್ಕದ ಮನೆಯ ಹೆಂಗಸು ಮಗಳನ್ನು ಕರೆದೊಯ್ಯಲು ಬಂದಿದ್ದಳು. ಐದು ವರ್ಷದ ಮಗಳು ಬ್ಯಾಗನ್ನು ನೆಲಕ್ಕೆ ತಾಗಿಸಿಕೊಂಡೇ ಓಡಿ ಬಂದಳು. ತಾಯಿ ಬಗ್ಗಿ, ಮಗುವಿನ ಟೋಪಿ ಸರಿಮಾಡುತ್ತ, ತನ್ನ ಭಾಷೆಯಲ್ಲಿ, ಎಂದರೆ ಸ್ಪ್ಯಾನಿಷ್‌ನಲ್ಲಿ, ಏನನ್ನೋ ಕೇಳಿದಳು. ಊಟ ಮುಗಿಸಿದೆಯಾ ಎಂದೋ, ಚಳಿಯಾಗುತ್ತಿದೆಯಾ ಎಂದೋ. ಮಗು ಒಮ್ಮೆ ಸುತ್ತ ನೋಡಿತು. ಆಮೇಲೆ ಬಲಗೈ ಎತ್ತಿ ತಾಯಿಯ ಬಾಯಿಯ ಮೇಲಿಟ್ಟಿತು. ಹೊಡೆಯಲಿಲ್ಲ, ನಗಲೂ ಇಲ್ಲ. ಉಕ್ಕುತ್ತಿರುವ ಪಾತ್ರೆಗೆ ಮುಚ್ಚಳ ಇಡುವಂತೆ ಇಟ್ಟಿತು. ತಾಯಿ ಆ ಕೈಯನ್ನು ಸರಿಸಲಿಲ್ಲ. ಅದು ಅಲ್ಲಿದ್ದ ಹಾಗೆಯೇ ತಲೆಯಾಡಿಸಿದಳು: ಆಯಿತು.

ನಾನು ಆಸ್ಪತ್ರೆಯಲ್ಲಿ ಎಕ್ಸ್-ರೇ ತೆಗೆಯುವವನು. ಮುರಿದ ಮೂಳೆ ನೋಡಿ ಕಣ್ಣು ಮುಚ್ಚುವ ಕಾಲ ದಾಟಿ ವರ್ಷಗಳಾಗಿವೆ. ಆ ಮಧ್ಯಾಹ್ನ ಮಾತ್ರ ಕಾರಿನಲ್ಲಿ ಕೂತು ಸುಮ್ಮನೆ ಸ್ಟಿಯರಿಂಗ್ ಹಿಡಿದುಕೊಂಡಿದ್ದೆ. ಆಗ ಹತ್ತು ವರ್ಷದವಳಾಗಿದ್ದ ನನ್ನ ಮಗಳು ಹಿಂದಿನ ಸೀಟಿನಿಂದ ಕೇಳಿದಳು:

"ಅಪ್ಪಾ, ವಾಟ್ ಆರ್ ವಿ ವೇಟಿಂಗ್ ಫಾರ್?"

"ಏನಿಲ್ಲ ಪುಟ್ಟಿ."

"ದೆನ್ ಗೋ!"

ನಮ್ಮ ಮನೆಯ ಮಾತುಕತೆ ಹೀಗೆಯೇ. ಕನ್ನಡ ಒಂದು ಕಡೆಯಿಂದ ಹೋಗುತ್ತದೆ, ಇಂಗ್ಲಿಷ್ ಇನ್ನೊಂದು ಕಡೆಯಿಂದ ಬರುತ್ತದೆ. ಆದರೂ ಅವಳು ಎಂದೂ ನನ್ನ ಬಾಯಿ ಮುಚ್ಚಿಸಿರಲಿಲ್ಲ.

ಪಕ್ಕದ ಮನೆಯವರು ಕೊಲಂಬಿಯಾ ದೇಶದವರು. ಗಂಡ ಕಟ್ಟಡಗಳಿಗೆ ಸಾರುವೆ ಕಟ್ಟುವ ಕೆಲಸದಲ್ಲಿದ್ದಾನೆ, ಬೆಳಕು ಹರಿಯುವ ಮೊದಲೇ ಸಾಮಾನು ಹೇರಿದ ಅವನ ಯೂಟ್ ಗಾಡಿ ಹೊರಟುಬಿಡುತ್ತದೆ. ಆಕೆ ಬೆಳಗಿನ ಹೊತ್ತು ಒಂದು ಕೆಫೆಯ ಅಡುಗೆಮನೆಯಲ್ಲಿ ದುಡಿಯುತ್ತಾಳೆ. ನನ್ನನ್ನು ಆಕೆ ಕರೆಯುವುದು "ವೆಸೀನೊ" ಎಂದು. ಅವರ ಭಾಷೆಯಲ್ಲಿ ಅದಕ್ಕೆ ನೆರೆಯವನು ಎಂದರ್ಥ. ನಮ್ಮ ಎರಡು ಮನೆಗಳ ನಡುವೆ ಮರದ ಹಲಗೆಯ ಬೇಲಿ. ಅದರಾಚೆ ಏನೂ ಕಾಣುವುದಿಲ್ಲ, ಎಲ್ಲವೂ ಕೇಳಿಸುತ್ತದೆ.

ಮಗು ಶಾಲೆಗೆ ಸೇರುವ ಮುಂಚೆ ಆ ಬೇಲಿಯಾಚೆ ಸುಮ್ಮನಿರುವ ಗಳಿಗೆಯೇ ಇರಲಿಲ್ಲ. ಬಟ್ಟೆ ಒಣಹಾಕುವಾಗ ಒಂದೊಂದು ಬಟ್ಟೆಗೂ ಒಂದು ಕತೆ. ನನಗೆ ಸ್ಪ್ಯಾನಿಷ್ ಬರುವುದಿಲ್ಲ. ಆದರೆ ಪ್ರಶ್ನೆಗೆ ಒಂದು ರಾಗ, ತಮಾಷೆಗೆ ಇನ್ನೊಂದು ರಾಗ ಇರುತ್ತದಲ್ಲ, ಯಾರು ಯಾರನ್ನು ಕಾಡಿಸುತ್ತಿದ್ದಾರೆ ಎಂದು ಗೊತ್ತಾಗುತ್ತಿತ್ತು. ಮನೆಯೊಳಗೆ ಆಕೆ ಬಾಗಿಲು, ಮೇಜು, ಫ್ರಿಜ್ಜು, ಎಲ್ಲದಕ್ಕೂ ಅದರದರ ಸ್ಪ್ಯಾನಿಷ್ ಹೆಸರು ಬರೆದ ಚೀಟಿ ಅಂಟಿಸಿದ್ದಳು. ಮಗು ಅವನ್ನು ಮುಟ್ಟಿ ಮುಟ್ಟಿ ಓದುತ್ತಿತ್ತು. ಒಮ್ಮೆ ನನ್ನ ಹೆಂಡತಿ ಕೊತ್ತಂಬರಿ ಸೊಪ್ಪು ಕೊಡಲು ಹೋದವಳು ವಾಪಸ್ ಬಂದು ಹೇಳಿದಳು:

"ಅವರ ಮನೇಲಿ ಉಪ್ಪಿನ ಡಬ್ಬಕ್ಕೂ ಹೆಸರು ಅಂಟ್ಸಿದಾರೆ ಕಣ್ರೀ. ನಿಮ್ಮ ಮಗಳಿಗೆ ಉಪ್ಪು ಅಂತ ಓದೋಕ್ಕೆ ಬರುತ್ತಾ?"

"ನನ್ನ ಒಬ್ಬನ ಮಗಳಾ?"

"ಓದೋಕ್ಕೆ ಬರೋ ತನಕ ನಿಮ್ಮ ಮಗಳು. ಬಂದ್ಮೇಲೆ ನನ್ನವಳು."

ಆಮೇಲೆ ಶಾಲೆ ಶುರುವಾಯಿತು. ತರಗತಿಯಲ್ಲಿ ಮಗು ಬಾಯಿ ಬಿಡಲಿಲ್ಲ. ಟೀಚರ್ ಸಣ್ಣ ವಯಸ್ಸಿನವರು, ಮಕ್ಕಳ ಮೇಲೆ ಅಕ್ಕರೆ ಇದ್ದವರು. ಅವರನ್ನು ಯಾರೂ ದುಷ್ಟೆ ಮಾಡಬಾರದೆಂದು ಇದನ್ನು ಸ್ಪಷ್ಟವಾಗಿ ಬರೆಯುತ್ತಿದ್ದೇನೆ. ಅವರು ಒಳ್ಳೆಯ ಮನಸ್ಸಿನಿಂದಲೇ ಸಲಹೆ ಕೊಟ್ಟರು: ಸ್ವಲ್ಪ ಕಾಲ ಮನೆಯಲ್ಲೂ ಇಂಗ್ಲಿಷ್ ಮಾತ್ರ ಆಡಿ, ಓದು ಬೇಗ ಹತ್ತುತ್ತದೆ. ಸಲಹೆ ತಪ್ಪಾಗಿತ್ತು. ಒಳ್ಳೆಯ ಮನಸ್ಸಿನಿಂದ ಕೊಟ್ಟದ್ದೆಂದು ಅದು ಸರಿಯಾಗುವುದಿಲ್ಲ.

ತಾಯಿ ಅದನ್ನು ಪಾಲಿಸಿದಳು. ಚೀಟಿಗಳನ್ನೆಲ್ಲ ಕಿತ್ತಳು. ಆಕೆಗೆ ಬರುತ್ತಿದ್ದ ಇಂಗ್ಲಿಷ್ ಕೆಫೆಯ ಅಡುಗೆಮನೆಗೆ ಸಾಕಾಗುವಷ್ಟು. ಅದರಲ್ಲಿ ಕತೆ ಹೇಳಲು ಬರುವುದಿಲ್ಲ. ಬೇಲಿಯಾಚೆಯಿಂದ ನನಗೆ ಆಮೇಲೆ ಕೇಳಿಸಿದ್ದು ಇಷ್ಟು: "ಶೂಸ್." "ಈಟ್." "ಕ್ವಿಕ್, ಕ್ವಿಕ್." "ನೋ." ಮಗು ಶಾಲೆಯಲ್ಲಿ ಮಾತಾಡುತ್ತಿರಲಿಲ್ಲ. ಈಗ ಮನೆಯಲ್ಲೂ ನಿಂತಿತು. ಆ ಮೌನದ ನಡುವೆಯೇ ಒಂದು ದಿನ, ತಾಯಿ ಮರೆತು ಸ್ಪ್ಯಾನಿಷ್ ಆಡಿದಾಗ, ನಾನು ಗೇಟಿನ ಬಳಿ ಆ ಕೈಯನ್ನು ನೋಡಿದ್ದು.

ಆ ಚಳಿಗಾಲದಲ್ಲೇ ಒಬ್ಬ ಮುದುಕರು ಕೈಯ ಎಕ್ಸ್-ರೇಗೆ ಬಂದರು. ಈ ನೆಲದ ಮೂಲನಿವಾಸಿಗಳಾದ ಮಾವೊರಿ ಜನಾಂಗದವರು. ಬೆರಳುಗಳನ್ನು ಫಲಕದ ಮೇಲೆ ಬಿಡಿಸಿ ಇಡಲು ಹೇಳಿದಾಗ ನಕ್ಕು, "ಹೀಗೇ ಚಾಚಿ ನಿಲ್ಲಿಸುತ್ತಿದ್ದರು. ಶಾಲೆಯಲ್ಲಿ ನಮ್ಮ ಭಾಷೆ ಆಡಿದ್ದಕ್ಕೆ" ಎಂದರು. ಚಿತ್ರದಲ್ಲಿ ಸಂಧಿವಾತ ಮಾತ್ರ ಕಾಣಿಸಿತು. ಈಗ ಈ ದೇಶದಲ್ಲಿ ಯಾರೂ ಆ ತಪ್ಪಿಗೆ ಮಗುವಿಗೆ ಹೊಡೆಯುವುದಿಲ್ಲ. ಸಿಹಿಯಾಗಿ ಹೇಳುತ್ತಾರೆ. ಬೆತ್ತಕ್ಕಿಂತ ಸಿಹಿಮಾತು ಎಷ್ಟೋ ವಾಸಿ, ಒಪ್ಪುತ್ತೇನೆ. ಆದರೆ ಎರಡೂ ಕೇಳುವುದು ಮಗುವಿನ ಭಾಷೆಯನ್ನೇ ಆದರೆ, ನಾನು ಅದನ್ನು ಎರಡಕ್ಕೂ ಕೊಡುವುದಿಲ್ಲ.

ಅಕ್ಟೋಬರಿನಲ್ಲಿ ವಿಜಯದಶಮಿ ಬಂತು. ನಮ್ಮಲ್ಲಿ ಪೂಜೆ ನಡೆಯುವುದು ಗ್ಯಾರೇಜಿನಲ್ಲಿ. ಕಾರುಗಳನ್ನು ಹೊರಗೆ ನಿಲ್ಲಿಸಿ, ನೆಲಕ್ಕೆ ಜಮಖಾನ ಹಾಸಿ, ಹುಲ್ಲು ಕತ್ತರಿಸುವ ಯಂತ್ರ ಕಾಣದಂತೆ ಅದರ ಮೇಲೆ ಹಳೆಯ ಮೈಸೂರು ಸಿಲ್ಕ್ ಹೊದಿಸಿದರೆ ಮಂಟಪ ಸಿದ್ಧ. ಆ ವರ್ಷ ಐದಾರು ಮನೆಗಳ ಮಕ್ಕಳಿಗೆ ಅಕ್ಷರಾಭ್ಯಾಸವನ್ನೂ ಅಲ್ಲೇ ಇಟ್ಟುಕೊಂಡಿದ್ದೆವು. ಪಕ್ಕದ ಮನೆಯವರನ್ನೂ ಕರೆದೆ. ಮಕ್ಕಳು ಅಕ್ಕಿಯಲ್ಲಿ ಬರೆಯುತ್ತಾರೆ, ಬನ್ನಿ ಎಂದೆ. ಅಕ್ಕಿ ಎಂದದ್ದರಿಂದ ಆಕೆ ಊಟದ ಹಬ್ಬ ಎಂದುಕೊಂಡಿರಬೇಕು. ಮಗಳ ಕೈಹಿಡಿದು, ಇನ್ನೊಂದು ಕೈಯಲ್ಲಿ ದೊಡ್ಡ ತಟ್ಟೆ ಎತ್ತಿಕೊಂಡು ಬಂದಳು. ತಟ್ಟೆಯ ತುಂಬ ಕರ್ಜಿಕಾಯಿಯಂತೆ ಮಡಚಿ ಕರಿದ ತಿಂಡಿ, ಬಿಸಿಬಿಸಿ. ನೇರವಾಗಿ ಹೋಗಿ ಸರಸ್ವತಿಯ ಮುಂದಿಟ್ಟಳು.

ಹೆಂಡತಿ ನನ್ನ ಪಕ್ಕೆ ತಿವಿದಳು. "ರೀ, ಒಳಗೇನಿದೆ ಕೇಳ್ರಿ."

ಕೇಳಿದೆ. ಆಕೆ ಮುಖ ಅರಳಿಸಿ, ತನಗೆ ಬರುವಷ್ಟು ಇಂಗ್ಲಿಷಿನಲ್ಲಿ, "ಚಿಕನ್! ನಿಮ್ಮ ದೇವರಿಗೇ ಅಂತ ಬೆಳಿಗ್ಗೆ ಎದ್ದು ಮಾಡಿದೆ" ಎಂದಳು.

ಪಾಪಟೋಟೊಯಿ ಬಡಾವಣೆಯಿಂದ ಬಂದಿದ್ದ ಆಂಟಿಯೊಬ್ಬರು ನಮ್ಮೆಲ್ಲರಿಗೂ ಹಿರಿಯರು. ಅವರು ತಟ್ಟೆಯನ್ನು ನೋಡಿದರು, ಸರಸ್ವತಿಯನ್ನು ನೋಡಿದರು. "ಹೊರಗಿಡಪ್ಪಾ, ಹೊರಗೆ! ಕಸಕ್ಕೆ ಗಿಸಕ್ಕೆ ಹಾಕ್ಬಿಟ್ಟೀಯ. ಪಾಪ, ಪ್ರೀತಿಯಿಂದ ಮಾಡ್ಕೊಂಡು ಬಂದಿದಾಳೆ."

ನಾನು ಅದನ್ನು ಕಾರಿನ ಬಾನೆಟ್ ಮೇಲಿಟ್ಟು ಬಂದೆ. ಮಂಗಳಾರತಿ ಮುಗಿಯುವಷ್ಟರಲ್ಲಿ ಅರ್ಧ ತಟ್ಟೆ ಖಾಲಿಯಾಗಿತ್ತು. ಅಲ್ಲಿದ್ದ ಗಂಡಸರೆಲ್ಲ ಅಪ್ಪಟ ಸಸ್ಯಾಹಾರಿಗಳು. "ಕಡಲಹಕ್ಕಿ ತಿಂದಿರಬೇಕು" ಎಂದು ಒಬ್ಬರು ಬಾಯಿ ಒರೆಸಿಕೊಳ್ಳುತ್ತ ಹೇಳಿದರು.

ನಮ್ಮ ಡಾಕ್ಟರ್ ಮಿತ್ರರು, ಧಾರವಾಡದ ಕಡೆಯವರು, ಮೊಮ್ಮಗನನ್ನು ಸಾಲಿನಲ್ಲಿ ಕೂರಿಸಿ ನನ್ನ ಪಕ್ಕ ಬಂದು ನಿಂತರು. ನಾನು ಶಾಲೆಯ ಗೇಟಿನ ಸಂಗತಿ ಹೇಳಿದೆ.

"ಅದರಾಗೇನೈತ್ರೀ? ಇಂಗ್ಲಿಷ್ ಬಂದ್ರ ಮುಗೀತು. ಸಾಲಿಯವರಿಗೆ ಗೊತ್ತಿರತೈತಿ. ಇದೆಲ್ಲಾ ವರ್ಷಕ್ಕೊಮ್ಮೆ ಫೋಟೋಕ್ಕ."

"ಮತ್ತೆ ಮೊಮ್ಮಗನ್ನ ಯಾಕೆ ಕರ್ಕೊಂಡು ಬಂದ್ರಿ ಡಾಕ್ಟ್ರೇ?"

"ಅವರಜ್ಜಿ ಬಿಡಬೇಕಲ್ರೀ!"

ಮಕ್ಕಳು ಒಬ್ಬೊಬ್ಬರಾಗಿ ದೊಡ್ಡವರ ತೊಡೆಯೇರಿ ತಟ್ಟೆಯ ಅಕ್ಕಿಯಲ್ಲಿ ಬೆರಳಾಡಿಸಿದರು. ಕೊಲಂಬಿಯಾದ ಮಗು ತಾಯಿಯ ಹಿಂದೆ ನಿಂತು ಒಂದೊಂದು ಕೈಯನ್ನೂ ನೋಡುತ್ತಿತ್ತು. ಆಂಟಿ ಅದನ್ನು ಕಂಡು, "ಬಾ ಮರಿ, ನೀನೂ ಬರಿ. ಬಾ" ಎಂದು ಜಮಖಾನ ತಟ್ಟಿದರು. ಕನ್ನಡದಲ್ಲೇ ಕರೆದರು. ಮಗುವಿಗೆ ಅರ್ಥವಾಯಿತು.

ತಾಯಿ ನನ್ನ ಕಡೆ ತಿರುಗಿದಳು. "ಏನು ಬರೆಯಬೇಕು, ವೆಸೀನೊ? ಇಂಗ್ಲಿಷಾ?"

"ನಿಮ್ಮ ಮನೆಯದು" ಎಂದೆ.

ಆಕೆ ಕೂತಳು. ಮಗು ತೊಡೆಯೇರಿತು. ತಾಯಿ ಅದರ ತೋರುಬೆರಳು ಹಿಡಿದಾಗ ಮಗು ಕತ್ತು ಹಿಂದಕ್ಕೆ ಹೊರಳಿಸಿ, ಕಿವಿಯಲ್ಲಿ ಏನೋ ಕೇಳಿತು. ತಾಯಿಯ ಕೈ ಅಲ್ಲೇ ನಿಂತುಬಿಟ್ಟಿತು. ಮಗು ಏನು ಕೇಳಿತೆಂದು ಆಕೆ ನನಗೆ ಆಮೇಲೆ ಹೇಳಿದಳು: ಇಲ್ಲಿ ಮಾತಾಡಬಹುದಾ?

ತಾಯಿ ಜೋರಾಗಿ, ಸ್ಪ್ಯಾನಿಷ್‌ನಲ್ಲಿ, ಹೌದು ಎಂದಳು. ಗ್ಯಾರೇಜಿನಲ್ಲಿದ್ದ ಎಲ್ಲರೂ ತಿರುಗಿ ನೋಡುವಷ್ಟು ಜೋರಾಗಿ. ಆಮೇಲೆ ಇಬ್ಬರ ಬೆರಳೂ ಸೇರಿ ಅಕ್ಕಿಯಲ್ಲಿ ಒಂದು ಪದ ಬರೆದವು. ಆಂಟಿ ಕನ್ನಡಕ ಏರಿಸಿ ಬಗ್ಗಿ ನೋಡಿ, "ಏನಮ್ಮಾ ಇದು?" ಎಂದರು. "ಕಾಸಾ" ಎಂದು ಮಗುವೇ ಹೇಳಿತು. ತಾಯಿ ಅರ್ಥ ಹೇಳಿದಳು. ಆಂಟಿ ಎಲ್ಲರಿಗೂ ಸಾರಿದರು: "ಮನೆ ಅಂತ ಬರೆದಿದಾಳೆ ಕಣ್ರೋ! ಎಷ್ಟು ದುಂಡಗೆ ಬರೆದಿದಾಳೆ ನೋಡಿ, ನಿಮ್ಮವೂ ಇವೆ ಕೋಳಿ ಕೆದರಿದ ಹಾಗೆ." ಕೋಳಿ ಎಂದೊಡನೆ ಗಂಡಸರು ಗೋಡೆ ನೋಡಿದರು.

ಎಲ್ಲರಂತೆ ಅವರೂ ಆ ಅಕ್ಕಿಯನ್ನು ಕಟ್ಟಿಕೊಂಡು ಹೋದರು. ಪಾಯಸ ಮಾಡಬೇಕೆಂದು ನನ್ನ ಹೆಂಡತಿ ವಿಧಾನವನ್ನೂ ಹೇಳಿ ಕಳಿಸಿದಳು. ಎರಡು ದಿನ ಬಿಟ್ಟು ಬೇಲಿಯಾಚೆಯಿಂದ ಕೂಗು ಬಂತು.

"ವೆಸೀನೊ! ಅಕ್ಕಿ ಮುಗಿಯಿತು. ಮೆಕ್ಕೆಜೋಳದ ಹಿಟ್ಟಿನಲ್ಲಿ ಬರೆಸಬಹುದಾ?"

"ಬರೆಸಿ."

"ನಿಮ್ಮ ದೇವರಿಗೆ ಬೇಜಾರಾಗುವುದಿಲ್ಲ ತಾನೆ?"

"ಕೋಳಿಗೇ ಆಗಲಿಲ್ಲ."

ಬೇಲಿಯಾಚೆ ತಾಯಿ ನಕ್ಕದ್ದು ಕೇಳಿಸಿತು. ಏನೆಂದು ಮಗು ಕೇಳಿತು. ತಾಯಿ ಹೇಳಿದಳು, ಉದ್ದಕ್ಕೆ, ಸ್ಪ್ಯಾನಿಷ್‌ನಲ್ಲಿ. ಮಗುವೂ ನಕ್ಕಿತು. ನಾನು ಗಿಡಗಳಿಗೆ ನೀರು ಬಿಡುತ್ತಿದ್ದವನು ಪೈಪನ್ನು ಒಂದೇ ಗಿಡಕ್ಕೆ ಹಿಡಿದುಕೊಂಡು ಬಹಳ ಹೊತ್ತು ನಿಂತೆ.

ಆಕೆ ದಿನವೂ ರೊಟ್ಟಿಗೆ ಹಿಟ್ಟು ಕಲಸುತ್ತಿದ್ದಳು. ಈಗ ನೀರು ಹಾಕುವ ಮೊದಲು ಹಿಟ್ಟನ್ನು ಟ್ರೇಯಲ್ಲಿ ಹರಡಿ ಮಗುವಿನ ಮುಂದೆ ಇಡುತ್ತಿದ್ದಳು. ಇಂದು ಏನು ತಿನ್ನುತ್ತೇವೋ ಅದರ ಹೆಸರು. ಬರೆದದ್ದನ್ನು ಓದಿದ ಮೇಲೆ ಕಲಸುವುದು. ಕೊಲಂಬಿಯಾದಲ್ಲಿದ್ದ ಅಜ್ಜಿ ವಿಡಿಯೋ ಕಾಲ್‌ನಲ್ಲಿ ಒಂದು ಪುಟ ಓದುವುದು, ಮುಂದಿನ ಪುಟ ಮಗು ಓದುವುದು. ಸಾರ್ವಜನಿಕ ಗ್ರಂಥಾಲಯದಲ್ಲಿ ಸ್ಪ್ಯಾನಿಷ್ ಮಕ್ಕಳ ಪುಸ್ತಕಗಳು ಒಂದು ಮೊಳದಷ್ಟು ಇದ್ದವು, ಆಕೆ ಅವನ್ನೆಲ್ಲ ಒಂದೇ ಸಲ ಹೊತ್ತು ತಂದಳು. ಕನ್ನಡದ ಪುಸ್ತಕ ಒಂದೂ ಇರಲಿಲ್ಲ. ಕೌಂಟರಿನಲ್ಲಿ ಕೇಳಿದೆ. ಅದನ್ನು ಕೇಳುವವರೇ ಇಲ್ಲ ಎಂದರು. ನಾನು ಕೇಳುತ್ತಿದ್ದೇನಲ್ಲ ಎಂದೆ. ಈಗಲೂ ಹೋದಾಗಲೆಲ್ಲ ಕೇಳುತ್ತೇನೆ.

ಶಾಲೆಯಿಂದ ಬರುವ ಇಂಗ್ಲಿಷ್ ಪುಸ್ತಕಗಳನ್ನು ಆಕೆ ಬದಿಗಿಡಲಿಲ್ಲ. ಮೊದಲು ಚಿತ್ರ ನೋಡಿ ಸ್ಪ್ಯಾನಿಷ್‌ನಲ್ಲಿ ಕತೆ ಕಟ್ಟುವುದು, ಆಮೇಲೆ ಇಂಗ್ಲಿಷ್ ಓದುವುದು. ಏನು ಓದುತ್ತಿದ್ದೇನೆಂದು ಮಗುವಿಗೆ ಆಗ ಗೊತ್ತಿರುತ್ತಿತ್ತು.

ನವೆಂಬರಿನ ಕೊನೆಗೆ ಶಾಲೆಯಲ್ಲಿ ಪೋಷಕರ ಭೇಟಿ. ಹಿಂದಿನ ಸಂಜೆ ಆಕೆ ನಮ್ಮ ಬಾಗಿಲಿಗೆ ಬಂದಳು.

"ನೀವು ಬರಬೇಕು, ವೆಸೀನೊ. ಮಾತಾಡಬೇಡಿ. ನೋಡಿ, ಕೇಳಿಸಿಕೊಳ್ಳಿ, ಅಷ್ಟೇ. ನಾನು ಹೇಳಿದ್ದನ್ನು ಹೇಳಲಿಲ್ಲ ಅಂತ ನಾಳೆ ಯಾರಾದರೂ ಅಂದರೆ, ಹೇಳಿದಳು ಅನ್ನಿ. ನನ್ನ ಇಂಗ್ಲಿಷ್ ಮೇಲೆ ಎಲ್ಲರಿಗೂ ಅನುಮಾನ. ನಿಮ್ಮದರ ಮೇಲೆ ಸ್ವಲ್ಪ ಕಡಿಮೆ."

ಹೋದೆ. ಮಕ್ಕಳ ಕುರ್ಚಿಗಳಲ್ಲಿ ಮೊಣಕಾಲು ಎದೆಗೆ ತಾಗುವಂತೆ ಕೂತೆವು. ಟೀಚರ್ ಎದುರಿಗೆ, ತಾಯಿ ನನ್ನ ಬಲಕ್ಕೆ, ಮಗು ಆಕೆಯ ಪಕ್ಕ. ಶಾಲೆ ಬಿಟ್ಟಿದ್ದರಿಂದ ನನ್ನ ಮಗಳೂ ಜೊತೆಗಿದ್ದಳು. ಮೂಲೆಯ ಚಾಪೆಯ ಮೇಲೆ ಕಾಲು ಚಾಚಿ ಏನೋ ಓದುತ್ತಿದ್ದಳು.

ಟೀಚರ್ ಮಗುವಿನ ಚಿತ್ರಗಳನ್ನು ಹೊಗಳಿದರು. ಆಮೇಲೆ ದನಿ ತಗ್ಗಿಸಿ, "ಓದಿನಲ್ಲಿ ಇನ್ನೂ ಹಿಂದಿದ್ದಾಳೆ. ಮನೆಯಲ್ಲಿ ಮತ್ತೆ ಸ್ಪ್ಯಾನಿಷ್ ಶುರುವಾಗಿದೆ ಅಂತ ಅವಳೇ ಹೇಳಿದಳು. ಬೇಸಿಗೆ ರಜೆ ಮುಗಿಯುವವರೆಗಾದರೂ ಇಂಗ್ಲಿಷ್ ಮಾತ್ರ ಆಡುತ್ತೀರಾ?" ಎಂದರು.

"ಇಲ್ಲ" ಎಂದಳು ತಾಯಿ.

ಟೀಚರ್ ಅದು ಅರ್ಥವಾಗದೆ ಹೇಳಿದ ಇಲ್ಲ ಎಂದುಕೊಂಡರು. ಅದೇ ಮಾತನ್ನು ನಿಧಾನವಾಗಿ ಇನ್ನೊಮ್ಮೆ ಹೇಳಿದರು.

"ಅರ್ಥವಾಯಿತು. ಇಲ್ಲ. ನಾನು ಆರು ತಿಂಗಳು ಮಾಡಿ ನೋಡಿದೆ. ನನ್ನ ಹತ್ತಿರ ಇರುವುದು ಕೆಟ್ಟ ಇಂಗ್ಲಿಷ್. ಅದನ್ನೇ ಅವಳಿಗೆ ಕೊಟ್ಟೆ. ನಿಮ್ಮ ಹತ್ತಿರ ಒಳ್ಳೆಯ ಇಂಗ್ಲಿಷ್ ಇದೆ, ನೀವು ಅದನ್ನು ಕೊಡಿ. ನನ್ನ ಹತ್ತಿರ ಒಳ್ಳೆಯ ಸ್ಪ್ಯಾನಿಷ್ ಇದೆ. ನಾನು ಇನ್ನು ಅದನ್ನೇ ಕೊಡುತ್ತೇನೆ." ಟೀಚರ್ ಹಿಂದಿನ ಗೋಡೆಯ ಮೇಲೆ ಹತ್ತಾರು ಭಾಷೆಗಳ ಸ್ವಾಗತದ ಮಾತುಗಳಿದ್ದ ಬಣ್ಣದ ಹಾಳೆ ಇತ್ತು. ಆಕೆ ಅದರತ್ತ ಕೈ ತೋರಿಸಿದಳು. "ಅಲ್ಲಿ ನಮ್ಮದೂ ಇದೆ. ನಿಮ್ಮ ಗೋಡೆಗೆ ಬೇಕು, ನನ್ನ ಮನೆಗೆ ಬೇಡವಾ?"

ಆಕೆ ಕೂಗಾಡಿದಳು ಎಂದು ಈಗ ನಮ್ಮವರಲ್ಲೇ ಕೆಲವರು ಹೇಳುತ್ತಾರೆ. ಕೂಗಾಡಲಿಲ್ಲ. ಅತ್ತಳು ಎನ್ನುತ್ತಾರೆ. ಅಳಲಿಲ್ಲ. ದನಿ ನಡುಗುತ್ತಿತ್ತು, ಮಾತು ನಡುಗುತ್ತಿರಲಿಲ್ಲ.

ಟೀಚರ್ ಮುಖ ಕೆಂಪಾಯಿತು. ತಾಯಿ ಮೇಜಿನ ಮೇಲಿದ್ದ ಓದುವ ಪುಸ್ತಕವೊಂದನ್ನು ತೆಗೆದು, ಸ್ನಾನ ಮಾಡಿಸಿಕೊಳ್ಳಲು ಒಲ್ಲದೆ ಓಡುವ ನಾಯಿಯ ಚಿತ್ರವಿದ್ದ ಪುಟ ಬಿಡಿಸಿ ಮಗಳ ಮುಂದೆ ಇಟ್ಟಳು. ಸ್ಪ್ಯಾನಿಷ್‌ನಲ್ಲಿ ಒಂದು ಪ್ರಶ್ನೆ ಕೇಳಿದಳು. ಮಗು ಟೀಚರ್ ಮುಖ ನೋಡಿತು. ಆ ನೋಟ ಎಷ್ಟು ಹೊತ್ತು ಇತ್ತೆಂದು ಹೇಳಲಾರೆ, ನನಗದು ತೀರ ಉದ್ದವಾಗಿ ಕಂಡಿತು. ಟೀಚರ್ ಮೆಲ್ಲಗೆ "ಹೇಳಮ್ಮ" ಎಂದರು. ಅವರು ಹಾಗೆಂದದ್ದು ನಿಜ, ಅದನ್ನೂ ಬರೆಯುತ್ತೇನೆ.

ಮಗು ಹೇಳತೊಡಗಿತು. ಮೊದಲು ಪುಸ್ತಕಕ್ಕೆ, ಆಮೇಲೆ ತಾಯಿಗೆ, ಆಮೇಲೆ ನಮಗೆಲ್ಲ. ನಾಯಿಯಾಗಿ ಗುರ್ ಎಂದಿತು, ಯಾರನ್ನೋ ಗದರಿಸಿತು, ಒಂದು ಕಡೆ ತಡೆದು ನಿಂತು ಬೇಕಾದ ಪದ ಹುಡುಕಿ ತಂದಿತು. ಮುಗಿದ ಮೇಲೆ ಟೀಚರ್ "ಏನು ಹೇಳಿದಳು?" ಎಂದು ತಾಯಿಯನ್ನು ಕೇಳಿದರು. ಉತ್ತರ ಕೊಟ್ಟದ್ದು ಮಗು, ಇಂಗ್ಲಿಷಿನಲ್ಲಿ:

"ನಾಯಿ ತುಂಟ ಅಲ್ಲ. ಸ್ನಾನ ಬೇಕಾ ಅಂತ ಅದನ್ನು ಯಾರೂ ಕೇಳಲಿಲ್ಲ. ಅದಕ್ಕೆ ಬಚ್ಚಿಟ್ಟುಕೊಂಡಿದೆ."

ಚಾಪೆಯ ಮೇಲಿದ್ದ ನನ್ನ ಮಗಳು ಫಕ್ಕನೆ ನಕ್ಕಳು. ಟೀಚರ್ ನಗಲಿಲ್ಲ. "ಇಷ್ಟುದ್ದ ಇವಳು ಮಾತಾಡಿದ್ದನ್ನು ನಾನು ಕೇಳಿಯೇ ಇರಲಿಲ್ಲ" ಎಂದರು. ಆಮೇಲೆ ಪೆನ್ನು ತೆಗೆದುಕೊಂಡು, "ಆದರೂ ನಾನು ಕೊಟ್ಟ ಸಲಹೆ ದಾಖಲೆಯಲ್ಲಿದೆ. ನೀವು ಒಪ್ಪಲಿಲ್ಲ ಅಂತ ಬರೆಯಬೇಕಾಗುತ್ತದೆ" ಎಂದರು.

"ಬರೆಯಿರಿ" ಎಂದಳು ತಾಯಿ. "ದಪ್ಪ ಅಕ್ಷರದಲ್ಲಿ ಬರೆಯಿರಿ. ತಾಯಿ ಒಪ್ಪಲಿಲ್ಲ."

ಟೀಚರ್ ಬರೆದರು. ನಾನು ಬಾಯಿ ಬಿಡಲಿಲ್ಲ, ಹಾಗೆಂದು ಮಾತು ಕೊಟ್ಟಿದ್ದೆ. ಅದಕ್ಕೇ ಇಲ್ಲಿ ಬರೆಯುತ್ತಿದ್ದೇನೆ, ಕನ್ನಡದಲ್ಲಿ. ನಮ್ಮ ಕನ್ನಡದವರ ಗುಂಪಿನಲ್ಲಿ ಈ ಕತೆ ಈಗ ಬೇರೆ ಬೇರೆಯಾಗಿ ಓಡಾಡುತ್ತಿದೆ: ಟೀಚರ್ ದೊಡ್ಡ ಮನಸ್ಸು ಮಾಡಿ ಅನುಮತಿ ಕೊಟ್ಟರಂತೆ, ಶಾಲೆಯವರೇ ಮನೆಭಾಷೆ ಬೆಳೆಸಿ ಎಂದು ಹೇಳಿದರಂತೆ. ಆ ದಿನ ಆ ಕೋಣೆಯಲ್ಲಿ ಯಾರೂ ಅನುಮತಿ ಕೊಡಲಿಲ್ಲ. ಒಬ್ಬ ತಾಯಿ ಅನುಮತಿ ಕೇಳಲಿಲ್ಲ, ಅಷ್ಟೇ.

ಇದನ್ನು ಕಂಡವನು ನಾನೊಬ್ಬನೇ ಅಲ್ಲ. ಟೀಚರ್ ಡನೀಡಿನ್ ನಗರಕ್ಕೆ ಹೋಗಿ ಅಲ್ಲಿ ಪಾಠ ಹೇಳುತ್ತಿದ್ದಾರೆ. ಕೇಳಿದರೆ ಸುಳ್ಳು ಹೇಳುವವರಲ್ಲ. ಚಾಪೆಯ ಮೇಲಿದ್ದ ನನ್ನ ಮಗಳು ಹೈಸ್ಕೂಲಿಗೆ ಬಂದಿದ್ದಾಳೆ. ಅವಳನ್ನು ಕನ್ನಡದಲ್ಲೇ ಕೇಳಿ, ಉತ್ತರ ಯಾವ ಭಾಷೆಯಲ್ಲಿ ಬಂದರೂ ಸಂಗತಿ ಇದೇ ಇರುತ್ತದೆ. ಆ ಮಗು ಎರಡು ಭಾಷೆಗಳಲ್ಲೂ ಪುಸ್ತಕ ಓದುವ ವಯಸ್ಸಿಗೆ ಬಂದಿದೆ. ತಾಯಿ ಬೇಲಿಯಾಚೆ ಇದ್ದಾಳೆ. ಈ ಸಾಲು ಬರೆಯುವಾಗ ಮಗಳಿಗೆ ಏನೋ ಬಯ್ಯುತ್ತಿದ್ದಾಳೆ, ಮಗಳು ಸುಮ್ಮನಿರದೆ ಒಂದಕ್ಕೆರಡು ಎದುರು ಹೇಳುತ್ತಿದ್ದಾಳೆ, ಒಂದು ಪದವೂ ನನಗೆ ಅರ್ಥವಾಗುತ್ತಿಲ್ಲ. ಎಲ್ಲರೂ ಬದುಕಿದ್ದಾರೆ. ಹೋಗಿ ಕೇಳಬಹುದು.